ಬಾಲ ಮುರಿದು ನಿಲ್ಲಿಸಿದ ಡೈನೋಸಾರ್

ಯಾವ ಮ್ಯೂಸಿಯಂ ಚೆನ್ನಾಗಿದೆ ಅಂತ ಕೇಳಿದರೆ ಜಾಸ್ತಿ ಜನ ಹೇಳೋದು ಲಂಡನ್, ಇಲ್ಲಾಂದ್ರೆ ನ್ಯೂಯಾರ್ಕ್. ತಪ್ಪೇನಿಲ್ಲ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ದೊಡ್ಡ ಹಾಲ್‌ನಲ್ಲಿ ನೆತ್ತಿಯ ಮೇಲೆ 25 ಮೀಟರ್ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ. ನಿಜವಾದ ಮೂಳೆ. ನ್ಯೂಯಾರ್ಕಿನ ತಿಮಿಂಗಿಲ ಇನ್ನೂ ಉದ್ದ, ಆದರೆ ಫೈಬರ್‌ಗ್ಲಾಸ್‌ನದು. ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಬೇರೆಯೇ ಜಾತಿ, ಅಲ್ಲಿ ಕೈಯಿಂದ ಮುಟ್ಟಿ ತಿರುಗಿಸಿಯೇ ನೋಡಬೇಕು. 1969ರಲ್ಲಿ ಅದನ್ನು ಶುರು ಮಾಡಿದವರು ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ಓಪನ್‌ಹೈಮರ್ ಅವರ ತಮ್ಮ.

ನನ್ನ ಓಟು ಮಾತ್ರ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿರುವ ನ್ಯಾಚುರಲ್ ಸೈನ್ಸಸ್ ಮ್ಯೂಸಿಯಂಗೆ. ಯಾಕೆಂದರೆ ಅಲ್ಲಿನ ಡೈನೋಸಾರ್‌ಗಳು ತಪ್ಪಾಗಿ ನಿಂತಿವೆ.

ಅವು ಇಗ್ವಾನೊಡಾನ್‌ಗಳು. ಈ ಪಾಪದ ಪ್ರಾಣಿಗೆ ಆದಷ್ಟು ಅವಮಾನ ಬೇರೆ ಯಾವುದಕ್ಕೂ ಆಗಿಲ್ಲ. 1825ರಲ್ಲಿ ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ ಬರೀ ಹಲ್ಲು ನೋಡಿ ಅದಕ್ಕೆ ಹೆಸರಿಟ್ಟ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ಅದರ ದೊಡ್ಡ ಮೂರ್ತಿ ಮಾಡಿ ಮೂಗಿನ ಮೇಲೆ ಘೇಂಡಾಮೃಗದ ಹಾಗೆ ಕೊಂಬು ಕೂರಿಸಿದರು. (ಅದಕ್ಕೂ ಮೊದಲು ಆ ಮೂರ್ತಿಯ ಅಚ್ಚಿನೊಳಗೇ ಕೂತು ವಿಜ್ಞಾನಿಗಳು ಭರ್ಜರಿ ಊಟ ಮಾಡಿದ್ದರು!) 1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯ ಆಳದಲ್ಲಿ ಇಡೀ ಇಡೀ ಅಸ್ಥಿಪಂಜರಗಳು ಸಿಕ್ಕ ಮೇಲೆ ಗೊತ್ತಾಯಿತು, ಅದು ಕೊಂಬೇ ಅಲ್ಲ, ಹೆಬ್ಬೆರಳಿನ ಮುಳ್ಳು.

ಅವನ್ನು ಜೋಡಿಸಿದ ವಿಜ್ಞಾನಿ ಲೂಯಿ ಡೊಲ್ಲೊ ಎದುರಿಗೆ ಕಾಂಗರೂ ಜಾತಿಯ ವಾಲಬಿಯ ಅಸ್ಥಿಪಂಜರ ಇಟ್ಟುಕೊಂಡಿದ್ದ. ಹಾಗಾಗಿ ಡೈನೋಸಾರ್ ಕೂಡ ಬಾಲ ಊರಿಕೊಂಡು ಸೆಟೆದು ನಿಂತಿತು. ತೊಂದರೆ ಬಂದದ್ದು ಬಾಲದ್ದೇ. ಇಗ್ವಾನೊಡಾನ್‌ನ ಬೆನ್ನು ಮತ್ತು ಬಾಲದ ಉದ್ದಕ್ಕೂ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು) ಗಟ್ಟಿಯಾಗಿ ಮೂಳೆಯೇ ಆಗಿಬಿಟ್ಟಿವೆ, ಒಂದರ ಮೇಲೊಂದು ಅಡ್ಡಡ್ಡ ಹಾದು ಬಿದಿರಿನ ತಟ್ಟಿ ಹೆಣೆದ ಹಾಗೆ. ಮುರಿದ ಕೈಗೆ ದಬ್ಬೆ ಕಟ್ಟುತ್ತಾರಲ್ಲ, ಬೆನ್ನಿಗೆ ಅಂಥ ದಬ್ಬೆ ಕಟ್ಟಿದಂತೆ. ಅಂಥ ಬಾಲ ಬಾಗುವುದಿಲ್ಲ, ಹಿಂದಕ್ಕೆ ನೆಟ್ಟಗೆ ಚಾಚಿಕೊಂಡಿರುತ್ತದೆ. ಸೊಂಟವೇ ತಕ್ಕಡಿಯ ಮುಳ್ಳು ಅಂದುಕೊಳ್ಳಿ, ಒಂದು ತಟ್ಟೆಯಲ್ಲಿ ಎದೆ ಮತ್ತು ತಲೆ, ಇನ್ನೊಂದರಲ್ಲಿ ಬಾಲ. ಅಥವಾ ಹಗ್ಗದ ಮೇಲೆ ನಡೆಯುವವರ ಕೈಯಲ್ಲಿನ ಉದ್ದ ಕೋಲು ನೆನೆಸಿಕೊಳ್ಳಿ. ಆ ಕೋಲನ್ನು ಕಾಲಿನಂತೆ ನೆಲಕ್ಕೆ ಊರಬೇಕು ಅಂದರೆ ಮುರಿಯಲೇಬೇಕು ಅಲ್ವಾ? ಬ್ರಸೆಲ್ಸ್‌ನ ಬಾಲಗಳು ಬಾಗಿರುವುದು ಹಾಗೆಯೇ. ಜೀವಂತ ಪ್ರಾಣಿಯ ಬಾಲ ಹಾಗೆ ಬಾಗಬೇಕಿದ್ದರೆ ಮೂಳೆ ಲಟಕ್ಕನೆ ಮುರಿಯಬೇಕಿತ್ತು.

ಬೇರೆಯವರು ತಮ್ಮ ತಪ್ಪನ್ನು ತಿದ್ದಿಕೊಂಡರು. ನ್ಯೂಯಾರ್ಕಿನಲ್ಲಿ ನೆಟ್ಟಗೆ ನಿಂತಿದ್ದ ಟಿ. ರೆಕ್ಸ್ 1990ರ ದಶಕದಲ್ಲಿ ಮುಂದಕ್ಕೆ ಬಾಗಿತು. ಲಂಡನ್ನಿನ 'ಡಿಪ್ಪಿ', ಅಂದರೆ ಡಿಪ್ಲೊಡೊಕಸ್ ಎಂಬ ಡೈನೋಸಾರ್‌ನ ಅಸ್ಥಿಪಂಜರದ ನಕಲು, 1993ರಲ್ಲಿ ಬಾಲ ಎತ್ತಿತು. ಬ್ರಸೆಲ್ಸ್‌ನ ಮೂಳೆಗಳಲ್ಲಿ ಪೈರೈಟ್ ಅನ್ನುವ ಕಬ್ಬಿಣ-ಗಂಧಕದ ಖನಿಜ ಸೇರಿಕೊಂಡಿದೆ, ಗಾಳಿಯ ತೇವ ತಾಗಿದರೆ ಒಳಗಿನಿಂದಲೇ ಪುಡಿಯಾಗುತ್ತವೆ, ಬಿಚ್ಚಿ ಮತ್ತೆ ಜೋಡಿಸುವುದು ಅಪಾಯ. ಹಾಗಾಗಿ ಗಾಜಿನ ಮನೆಯೊಳಗೆ ಡೊಲ್ಲೊ ನಿಲ್ಲಿಸಿದ ಹಾಗೆಯೇ ಸಾಲಾಗಿ ನಿಂತಿವೆ.

ಅದೇ ಮ್ಯೂಸಿಯಂನಲ್ಲಿ ಇನ್ನೂ ಕೆಲವು ಇಗ್ವಾನೊಡಾನ್‌ಗಳಿವೆ. ಅವನ್ನು ಯಾರೂ ನಿಲ್ಲಿಸಲು ಹೋಗಿಲ್ಲ. ಗಣಿಯಲ್ಲಿ ಸಿಕ್ಕಾಗ ಹೇಗೆ ಮಲಗಿದ್ದವೋ ಹಾಗೇ, ಮಗ್ಗುಲಾಗಿ ಮಲಗಿವೆ.