ಎಳೆ ಹರಿದರೆ ಮಗ್ಗ ನಿಲ್ಲಬೇಕು

ಮಗ್ಗದಲ್ಲಿ ಉದ್ದಕ್ಕೆ ಇರುವ ಎಳೆ ಹಾಸು, ಅಡ್ಡಕ್ಕೆ ಓಡುವ ಎಳೆ ಹೊಕ್ಕು. ಹಾಸುಹೊಕ್ಕು ಎನ್ನುವ ಮಾತು ಬಂದಿದ್ದೇ ಅಲ್ಲಿಂದ. ನೇಯುವಾಗ ಎಳೆ ತುಂಡಾಗುವುದು ಹೊಸದೇನಲ್ಲ. ಕೈಮಗ್ಗದಲ್ಲಾದರೆ ನೇಕಾರರ ಕಣ್ಣಿಗೆ ಬೀಳುತ್ತದೆ, ಕೈ ನಿಲ್ಲುತ್ತದೆ. ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಹೊಕ್ಕಿನ ನೂಲು ಹೊತ್ತು ಓಡುವ ಲಾಳಿಯನ್ನು ಎಳೆಯಿಲ್ಲದೆಯೇ ಅತ್ತಿಂದಿತ್ತ ಓಡಿಸುತ್ತ ಇರುತ್ತದೆ. ಯಾರಾದರೂ ನೋಡುವಷ್ಟರಲ್ಲಿ ಬಟ್ಟೆ ಕೆಟ್ಟಿರುತ್ತದೆ. ಹಾಗಾಗಿ ಯಂತ್ರದ ಮುಂದೆ ಒಬ್ಬರು ಸುಮ್ನೆ ಕಾವಲು ನಿಲ್ಲಬೇಕು.

ಜಪಾನಿನ ಸಕಿಚಿ ಟೊಯೋಡಾ ಬಡಗಿಯ ಮಗ. 1896ರಲ್ಲಿ ಅವರು ಮಾಡಿದ ಯಂತ್ರಮಗ್ಗ ಹೊಕ್ಕು ತುಂಡಾದ ಕೂಡಲೇ ತಾನಾಗಿ ನಿಲ್ಲುತ್ತಿತ್ತು. ಅಲ್ಲಿಗೇ ಅವರು ಬಿಡಲಿಲ್ಲ, ತಿದ್ದುತ್ತಲೇ ಹೋದರು. 1924ರ ಜಿ ಮಾದರಿಯ ಮಗ್ಗ ಹಾಸಿನ ಎಳೆ ಹರಿದರೂ ನಿಲ್ಲುತ್ತಿತ್ತು. ನೂಲು ಮುಗಿಯುತ್ತಾ ಬಂದರೆ ಓಟದಲ್ಲೇ ಲಾಳಿ ಬದಲಿಸಿಕೊಳ್ಳುತ್ತಿತ್ತು. ಒಬ್ಬರೇ ಮೂವತ್ತಕ್ಕೂ ಹೆಚ್ಚು ಮಗ್ಗ ನೋಡಿಕೊಳ್ಳುವ ಹಾಗಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಇದರ ಪೇಟೆಂಟ್ ಹಕ್ಕು ಕೊಂಡಿತು. ಸಕಿಚಿಯ ಮಗ ಕೀಚಿರೊ ಕಾರು ತಯಾರಿಕೆಗೆ ಇಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಶುರುವಾಯಿತು. ನಮ್ಮ ಬಿಡದಿಯಲ್ಲಿ 1999ರಿಂದ ಕಾರು ಮಾಡುತ್ತಿರುವುದು ಇದೇ ಟೊಯೋಟಾದ ಕಂಪನಿ.

ತಪ್ಪಾದ ಕೂಡಲೇ ನಿಲ್ಲುವ ಮಗ್ಗದ ಆ ಗುಣ ಕಾರಿನ ಕಾರ್ಖಾನೆಗೂ ಬಂತು, ಹಗ್ಗದ ರೂಪದಲ್ಲಿ. ಕಾರುಗಳು ಸಾಲಾಗಿ ಸಾಗುವ ಕಡೆ ಕೆಲಸಗಾರರ ಕೈಗೆಟುಕುವಂತೆ ಹಗ್ಗ ಕಟ್ಟಿದರು. ಬೋಲ್ಟ್ ಸರಿಯಾಗಿ ಕೂರಲಿಲ್ಲವಾ? ಎಳೆಯಬೇಕು. ಮೇಲೆ ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಆ ದೀಪಕ್ಕೆ ಆಂಡಾನ್ ಎನ್ನುತ್ತಾರೆ. ಜಪಾನಿನಲ್ಲಿ ಅದು ಹಳೆಯ ಕಾಗದದ ದೀಪದ ಹೆಸರು.

ಇಂಥ ಪದ್ಧತಿಗೆ ‘ಲೀನ್’, ಅಂದರೆ ಬೊಜ್ಜಿಲ್ಲದ್ದು, ಎಂಬ ಹೆಸರು ಬಂದದ್ದು 1988ರಲ್ಲಿ, ಜಾನ್ ಕ್ರಾಫ್ಚಿಕ್ ಬರೆದ ಒಂದು ಲೇಖನದಿಂದ. ಲೀನ್ ಅಂದ ಕೂಡಲೇ ಎಷ್ಟೋ ಜನ ಖರ್ಚು ಕಡಿತ, ಆಳು ಕಡಿತ ಅಂದುಕೊಳ್ಳುತ್ತಾರೆ. ನನಗೆ ಇದರ ಜೀವ ಇರುವುದು ಆ ಹಗ್ಗದಲ್ಲಿ ಅನಿಸುತ್ತದೆ. ಅತಿ ಚಿಕ್ಕ ಕೆಲಸ ಮಾಡುವವನಿಗೂ ‘ನಿಲ್ಲಿಸು’ ಎನ್ನುವ ಹಕ್ಕು ಇರಬೇಕು. ನಿಲ್ಲಿಸಿದ್ದಕ್ಕೆ ಅವನಿಗೆ ಬೈಗುಳ ಸಿಗಬಾರದು.

ನಿಲ್ಲಿಸಿದ ಮೇಲೆ ಏನು ಮಾಡಬೇಕು? ಟೊಯೋಟಾದ ತೈಚಿ ಓನೊ ಐದು ಸಲ ‘ಯಾಕೆ’ ಅಂತ ಕೇಳಿ ಎನ್ನುತ್ತಿದ್ದರು. ಅವರೇ ಕೊಟ್ಟ ಉದಾಹರಣೆ ಇದು. ಯಂತ್ರ ಯಾಕೆ ನಿಂತಿತು? ಹೊರೆ ಜಾಸ್ತಿಯಾಗಿ ಫ್ಯೂಸ್ ಹೋಯಿತು. ಹೊರೆ ಯಾಕೆ ಜಾಸ್ತಿಯಾಯಿತು? ಬೇರಿಂಗ್‌ಗೆ ಎಣ್ಣೆ ಸಾಲಲಿಲ್ಲ. ಯಾಕೆ? ಪಂಪು ಸರಿಯಾಗಿ ಎಣ್ಣೆ ಎತ್ತುತ್ತಿಲ್ಲ. ಯಾಕೆ? ಪಂಪಿನ ಶಾಫ್ಟ್ ಸವೆದಿದೆ. ಯಾಕೆ? ಜಾಲರಿ ಹಾಕಿಲ್ಲ, ಲೋಹದ ಚೂರು ಒಳಗೆ ಹೋಗಿದೆ. ಮೊದಲ ಉತ್ತರಕ್ಕೇ ನಿಂತಿದ್ದರೆ ಹೊಸ ಫ್ಯೂಸ್ ಹಾಕಿ ಸುಮ್ಮನಾಗುತ್ತಿದ್ದರು. ಸ್ವಲ್ಪ ದಿನಕ್ಕೆ ಅದೂ ಹೋಗುತ್ತಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಯ ಲಗ್ನಪತ್ರಿಕೆ.

ಚಿಕ್ಕಪ್ಪನ ಮಗಳ ಮದುವೆ, ಮುನ್ನೂರು ಪತ್ರಿಕೆ. ನಡುಮನೆಯಲ್ಲಿ ಚಾಪೆ ಹಾಸಿ ಕೂತಿದ್ದೆವು. ದೊಡ್ಡಮ್ಮ ಕವರಿನ ಮೇಲೆ ವಿಳಾಸ ಬರೆಯುವುದು, ತಮ್ಮ ಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚುವುದು, ನಾನು ಕವರಿಗೆ ಹಾಕಿ ಅಂಟಿಸುವುದು. ಒಂದು ಗಂಟೆ ಕಳೆಯುವಷ್ಟರಲ್ಲಿ ತಮ್ಮನ ಪಕ್ಕ ಪತ್ರಿಕೆಗಳ ದೊಡ್ಡ ಗುಡ್ಡೆ. ಎತ್ತಿ ನೋಡಿದರೆ ಹಸಿ ಅರಿಶಿನ ಒಂದರಿಂದ ಇನ್ನೊಂದಕ್ಕೆ ಅಂಟಿ, ನಲವತ್ತು ಪತ್ರಿಕೆಗಳ ಮೇಲೆಲ್ಲ ಹಳದಿ ಕಲೆ. ಎಲ್ಲರೂ ಸೇರಿ ಬೈದದ್ದು ತಮ್ಮನಿಗೆ. ಪಾಪ, ಅವನ ಮುಖ ಈಗಲೂ ಕಣ್ಣ ಮುಂದಿದೆ.

ಓನೊ ಥರ ಕೇಳಿ ನೋಡಿ. ಕಲೆ ಯಾಕಾಯಿತು? ಒಣಗುವ ಮೊದಲೇ ಒಂದರ ಮೇಲೊಂದು ಇಟ್ಟ. ಯಾಕೆ ಇಟ್ಟ? ನಾನು ಅವನ ಕೈಯಿಂದ ತೆಗೆದುಕೊಳ್ಳಲಿಲ್ಲ. ಯಾಕೆ? ನನಗೆ ಬರೆದ ಕವರು ಬಂದಿರಲಿಲ್ಲ. ಯಾಕೆ? ವಿಳಾಸಗಳು ಮೂರು ಜನರ ಫೋನಿನಲ್ಲಿ ಚದುರಿಹೋಗಿದ್ದವು. ಒಂದೊಂದು ವಿಳಾಸಕ್ಕೂ ದೊಡ್ಡಮ್ಮ ಒಬ್ಬೊಬ್ಬರನ್ನು ಕೂಗಿ ಕರೆಯಬೇಕಿತ್ತು. ತಪ್ಪು ಕಾಣಿಸಿದ್ದು ತಮ್ಮನ ಕೈಯಲ್ಲಿ, ಹುಟ್ಟಿದ್ದು ಎಷ್ಟು ದೂರದಲ್ಲಿ, ಅಲ್ವಾ?

ಇನ್ನೊಂದು ಮಾತೂ ಇದೆ. ಮೊದಲು ಒಂದೇ ಒಂದು ಪತ್ರಿಕೆಯನ್ನು ಕೊನೆಯತನಕ ಮುಗಿಸಿದ್ದರೆ ಅರಿಶಿನ ನೀರಾಗಿದೆ ಎಂದು ಅಲ್ಲೇ ತಿಳಿಯುತ್ತಿತ್ತು. ಗುಡ್ಡೆ ಹಾಕಿದರೆ ಕೆಲಸ ಸಾಗಿದಂತೆ ಕಾಣುತ್ತದೆ. ಆದರೆ ತಪ್ಪು ಆ ಗುಡ್ಡೆಯ ಅಡಿಯಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಓನೊ ಕಾರ್ಖಾನೆಯಲ್ಲಿ ಬೇಡದ ದಾಸ್ತಾನಿನ ಮೇಲೆ ಅಷ್ಟು ಕಟ್ಟುನಿಟ್ಟಾಗಿದ್ದದ್ದು ಇದೇ ಕಾರಣಕ್ಕೂ ಹೌದು.

ಎರಡು ವರ್ಷದ ನಂತರ ತಮ್ಮನದೇ ಮದುವೆ. ಈ ಸಲ ದೊಡ್ಡಮ್ಮ ವಾರ ಮೊದಲೇ ಎಲ್ಲರ ಫೋನಿನಿಂದ ವಿಳಾಸ ತೆಗೆದು ಒಂದು ನೋಟ್‌ಬುಕ್ಕಿಗೆ ಇಳಿಸಿದ್ದರು. ಮೊದಲ ಪತ್ರಿಕೆಯನ್ನು ಮೂವರೂ ಸೇರಿ ಪೂರ್ತಿ ಮುಗಿಸಿ ನೋಡಿದೆವು. ಅರಿಶಿನ ಇನ್ನೂ ಸ್ವಲ್ಪ ಗಟ್ಟಿ ಬೇಕು ಅಂದ ತಮ್ಮ. ಕಲಸಿದೆವು. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು. ಆ ನೋಟ್‌ಬುಕ್ ಈಗ ದೊಡ್ಡಮ್ಮನ ಬೀರುವಿನಲ್ಲಿದೆ. ನೆಂಟರು ಮನೆ ಬದಲಿಸಿದ ಸುದ್ದಿ ಬಂದ ದಿನವೇ ಅವರು ಅದರಲ್ಲಿ ವಿಳಾಸ ತಿದ್ದುತ್ತಾರೆ.