ಕಮೋಡ್ ತರುವ ಮೊದಲು ಹಳೆಯ ಪೈಪು ಹುಡುಕಿ

ಏಪ್ರಿಲ್, ಮೇ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ಥರದವು. "ಆಯಿಗೆ ಮೊಣಕಾಲು ನೋವು. ಮಳೆಗಾಲದಲ್ಲಿ ರಾತ್ರಿ ಹಿತ್ತಲಿಗೆ ಹೋಗೋಕೆ ಆಗಲ್ಲ. ಮಲಗೋ ಕೋಣೆ ಪಕ್ಕದಲ್ಲೇ ಒಂದು ಕಮೋಡ್ ಕೂರಿಸಿಕೊಡಿ. ಬಚ್ಚಲದ ಪೈಪ್ ಹೇಗೂ ಅಲ್ಲೇ ಇದ್ಯಲ್ಲ, ಅದಕ್ಕೇ ಜೋಡಿಸಿದ್ರಾಯ್ತು."

ಇದು ಆಗಲೇಬೇಕಾದ ಕೆಲಸ. ವಯಸ್ಸಾದವರು ಜುಲೈ ಮಳೆಯಲ್ಲಿ ಟಾರ್ಚ್ ಹಿಡಿದು, ಪಾಚಿಗಟ್ಟಿದ ಅಂಗಳ ದಾಟಬಾರದು. ಆದರೆ ಆ ಕೊನೆಯ ಮಾತು ಕೇಳಿದ ಕೂಡಲೇ ನಾನು ಕೇಳುವ ಪ್ರಶ್ನೆ ಒಂದೇ: ಆ ಪೈಪು ಎಲ್ಲಿಗೆ ಹೋಗುತ್ತದೆ?

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲ ನೀರು ಗುಂಡಿಗೆ ಹೋಗುವುದೇ ಕಡಿಮೆ. ಬಾಳೆಗಿಡದ ಬುಡಕ್ಕೋ, ತೆಂಗಿನ ಮರಕ್ಕೋ, ತೋಟದ ಕಾಲುವೆಗೋ ಬಿಟ್ಟಿರುತ್ತಾರೆ. ಸ್ನಾನದ ನೀರಿಗೆ ಅದು ಒಳ್ಳೆಯದೇ. ಆದರೆ ಅದೇ ಪೈಪಿಗೆ ಕಮೋಡ್ ಜೋಡಿಸಿದರೆ ಮಲ ನೇರ ತೋಟದಲ್ಲಿ, ಅಲ್ಲಿಂದ ಬಾವಿಯಲ್ಲಿ. ಮೇಲಾಗಿ ಆ ಪೈಪು ಸಾಮಾನ್ಯವಾಗಿ ಎರಡೂವರೆ, ಮೂರು ಇಂಚಿನದು. ಕಮೋಡಿಗೆ ನಾಲ್ಕು ಇಂಚು, ಅಂದರೆ ಅಂಗಡಿಯವರು 110 ಎಂಎಂ ಎನ್ನುವ ಎಸ್‌ಡಬ್ಲ್ಯುಆರ್ (ಸಂಡಾಸ, ಬಚ್ಚಲು, ಮಳೆನೀರಿಗೆಂದೇ ಮಾಡಿದ) ಪೈಪು ಬೇಕು. ಅದರಲ್ಲೂ 'ಟೈಪ್ ಬಿ' ಕೇಳಿ ತೆಗೆದುಕೊಳ್ಳಿ. ಅಗ್ಗಕ್ಕೆ ಸಿಗುವ 'ಟೈಪ್ ಎ' ತೆಳ್ಳಗಿರುತ್ತದೆ. ಅದು ಮಾಡಿನ ಮೇಲಕ್ಕೆ ಹೋಗುವ ಗಾಳಿ ಕೊಳವೆಗೆ, ಮಳೆನೀರಿಗೆ ಮಾತ್ರ.

ಪೈಪಿನ ದಾರಿ ತಿಳಿಯಲು ಸುಲಭದ ಉಪಾಯವಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿಗೆ ಕಲಸಿ ಸುರಿಯಿರಿ. ಇನ್ನೊಬ್ಬರು ಹೊರಗಿನ ಚೇಂಬರ್, ಅಂದರೆ ಪೈಪುಗಳು ಕೂಡುವ ತೊಟ್ಟಿಯ ಮುಚ್ಚಳ ತೆಗೆದು ಕಾಯಲಿ. ನೀಲಿ ಎಲ್ಲಿ ಕಂಡಿತು, ಎಷ್ಟು ಹೊತ್ತಿಗೆ ಬಂತು, ಒಂದೇ ಸಲ ಬಂತಾ ತಡೆದು ತಡೆದು ಬಂತಾ ನೋಡಿ. ತಡೆದು ಬಂದರೆ ಒಳಗೆ ಬೇರು ನುಗ್ಗಿರಬಹುದು, ಇಲ್ಲವೇ ಪೈಪು ಕುಸಿದಿರಬಹುದು. ಹಾಗಿದ್ದಾಗ ಅದಕ್ಕೆ ಹೊಸದೊಂದು ಸಂಡಾಸದ ಭಾರ ಹಾಕಬೇಡಿ.

ಪೈಪು ಸರಿ ಇದೆ ಎಂದುಕೊಳ್ಳೋಣ. ಮುಂದಿನದು ಇಳಿಜಾರು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದು ಅಡಿ ಇಳಿತ ಬೇಕು. ಹತ್ತು ಅಡಿಗೆ ಮೂರು ಇಂಚು ಎಂದು ನೆನಪಿಟ್ಟರೆ ಸಾಕು. ಅನಿವಾರ್ಯವಾದರೆ ಹತ್ತಕ್ಕೆ ಎರಡು ಇಂಚು. ಅದಕ್ಕಿಂತ ಕಡಿಮೆ ಬೇಡ.

ಈ ಪಾಠ ನಾನು ಕಲಿತಿದ್ದು ಶಿರಸಿ ಬಳಿಯ ಒಂದು ಮನೆಯಲ್ಲಿ, ಕೆಲಸಕ್ಕೆ ಇಳಿದ ಹೊಸದರಲ್ಲಿ. ಚೇಂಬರ್‌ವರೆಗೆ 30 ಅಡಿ ದೂರ. ಒಂಬತ್ತು ಇಂಚು ಇಳಿತ ಬೇಕಿತ್ತು. ನಡುವೆ ಜಗಲಿಯ ಕೆಂಪು ಗಾರೆ ನೆಲ, ಅದರಡಿ ಚಿರೆಕಲ್ಲಿನ ಪಾಯ. ಅದನ್ನು ಕೊರೆಯಲು ಮನೆಯವರಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಪಾಯದ ಮೇಲಿಂದ ಪೈಪು ಹಾಯಿಸಿದೆ. ಸಿಕ್ಕಿದ ಇಳಿತ ನಾಲ್ಕೇ ಇಂಚು. ಮೂರನೇ ತಿಂಗಳಿಗೆ ಕಟ್ಟಿಕೊಂಡಿತು. ಕಡೆಗೆ ಜಗಲಿಯನ್ನೂ ಒಡೆದೆವು, ಹೊಸ ಟೈಲ್ಸನ್ನೂ ಒಡೆದೆವು. ಆ ಮನೆಯ ಅಜ್ಜಿ ಮತ್ತೆ ಹದಿನೈದು ದಿನ ಹಿತ್ತಲಿಗೆ ಹೋಗಬೇಕಾಯಿತು. ಆ ತಪ್ಪು ನನ್ನದೇ. ಅಂದಿನಿಂದ ನಾನು ಅಳತೆ ಶುರುಮಾಡುವುದು ಗುಂಡಿಯ ಬಾಯಿಂದ. ಅಲ್ಲಿಂದ ನೀರು ತುಂಬಿದ ಲೆವೆಲ್ ಪೈಪು ಹಿಡಿದು ಹಿಂದಕ್ಕೆ ಬರುತ್ತೇನೆ. ಕಮೋಡ್ ಎಷ್ಟು ಎತ್ತರದಲ್ಲಿ ಕೂರಬೇಕು ಎಂದು ಆ ಲೆಕ್ಕವೇ ಹೇಳುತ್ತದೆ.

ಘಟ್ಟದ ಮೇಲೆ ಇನ್ನೊಂದು ತೊಡಕಿದೆ. ಮನೆಯ ಹಿಂದೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಧರೆಯ ಮೇಲೆ ಹಳೆಯ ಗುಂಡಿ. ನೀರು ಮೇಲಕ್ಕೆ ಹತ್ತುವುದಿಲ್ಲ ಅಲ್ವಾ? ಅಂಥ ಕಡೆ ಕೆಳಗೆ ಹೊಸ ಗುಂಡಿಯೇ ಬೇಕು. ಬಾವಿಯೂ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಕೊಳಚೆ ನೀರು ಮಣ್ಣಿಗೆ ಇಂಗುವ ಇಂಗುಗುಂಡಿಗೂ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಬಿಡಿ. ಜಾಗ ಇಲ್ಲ ಎಂದು ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಆ ಬಾವಿಯ ನೀರನ್ನೇ ಮನೆಮಂದಿಯೆಲ್ಲ ಕುಡಿಯುವುದು.

ಕರಾವಳಿಯ ಕಷ್ಟ ಬೇರೆ. ಕಾರವಾರದ ಕೋಡಿಬಾಗದಂಥ ಕಡೆ ಮಳೆಗಾಲದಲ್ಲಿ ಸ್ವಲ್ಪ ಅಗೆದರೂ ನೀರು. ಇಂಗುಗುಂಡಿ ತುಂಬಿ ನಿಂತಾಗ ಸೆಪ್ಟಿಕ್ ಟ್ಯಾಂಕಿನ ನೀರಿಗೆ ಹೋಗಲು ದಾರಿಯಿಲ್ಲ. ಅದು ಬಂದ ದಾರಿಯಲ್ಲೇ ಹಿಂದಿರುಗಿ, ಎಲ್ಲಕ್ಕಿಂತ ತಗ್ಗಿನಲ್ಲಿರುವ ಕಮೋಡಿನಲ್ಲಿ ಉಕ್ಕುತ್ತದೆ. ಆದ್ದರಿಂದ ಹೊಸ ಶೌಚಾಲಯದ ನೆಲ ಹೊರಗಿನ ಚೇಂಬರ್ ಮುಚ್ಚಳಕ್ಕಿಂತ ಎತ್ತರ ಇರಲೇಬೇಕು. ಉಕ್ಕಿದರೂ ಅಂಗಳದಲ್ಲಿ ಉಕ್ಕಲಿ, ಕೋಣೆಯಲ್ಲಿ ಬೇಡ. ಬೇಸಿಗೆಯಲ್ಲಿ ನೋಡುವವರು ಚೇಂಬರ್ ಗೋಡೆಯ ಮೇಲಿನ ಕಲೆ ಗಮನಿಸಿ. ಹೋದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗೊತ್ತಾಗುತ್ತದೆ.

ಟ್ಯಾಂಕ್ ಸಾಲುತ್ತದೋ ಎಂದು ಬಹಳ ಜನ ಹೆದರುತ್ತಾರೆ. ಮನೆಯಲ್ಲಿ ಜನ ಅಷ್ಟೇ ಇದ್ದರೆ ಶೌಚಾಲಯ ಒಂದು ಹೆಚ್ಚಾಯಿತು ಎಂದು ಭಾರ ಹೆಚ್ಚುವುದಿಲ್ಲ. ಗೋಕರ್ಣದ ಕಡೆ ಹೋಂಸ್ಟೇ ಮಾಡುವವರ ಲೆಕ್ಕ ಬೇರೆ. ಅವರು ಟ್ಯಾಂಕ್ ನೋಡಿಸಿಯೇ ಮುಂದುವರಿಯಬೇಕು.

ಜೋಡಣೆಗೆ ನೇರ 'ಟಿ' ಹಾಕಬೇಡಿ. 'ವೈ' ಹಾಕಿ, 45 ಡಿಗ್ರಿ ಬೆಂಡ್ ಕೊಟ್ಟು, ಹರಿವಿನ ದಿಕ್ಕಿಗೇ ಸೇರಿಸಿ. ತಿರುವು ಇರುವಲ್ಲಿ ಬಾಗಿಲಿರುವ ಬೆಂಡ್ ಇರಲಿ, ಮುಂದೆ ಕಟ್ಟಿಕೊಂಡರೆ ಕೋಲು ಹಾಕಲು ಬರುತ್ತದೆ. ಗೋಡೆಯಿಂದ ಹೊರಗೆ ಹೋಗುವುದಾದರೆ 'ಪಿ' ಟ್ರ್ಯಾಪ್ ಕಮೋಡ್, ನೆಲದೊಳಗೆ ಇಳಿಯುವುದಾದರೆ 'ಎಸ್'. ಗೋಡೆಯಿಂದ ತೂತಿನ ದೂರವನ್ನು ಟೈಲ್ಸ್ ಕೂತ ಮೇಲಿನ ಗೋಡೆಯಿಂದ ಲೆಕ್ಕ ಹಾಕಿ. ಇಷ್ಟೆಲ್ಲ ತಿಳಿದ ಮೇಲೆಯೇ ಅಂಗಡಿಗೆ ಹೋಗಿ.

ಗಾಳಿ ಕೊಳವೆ ಮರೆಯಬೇಡಿ. ಫ್ಲಶ್ ಮಾಡಿದಾಗ ಪಕ್ಕದ ಬಚ್ಚಲಿನ ನಹಾನಿ ಟ್ರ್ಯಾಪ್ (ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಗುಳುಗುಳು ಅಂದರೆ ಪೈಪಿಗೆ ಗಾಳಿ ಸಿಗುತ್ತಿಲ್ಲ ಎಂದರ್ಥ. ವಾಸನೆ ತಡೆಯಲೆಂದು ಟ್ರ್ಯಾಪಿನಲ್ಲಿ ನಿಲ್ಲುವ ಎರಡು ಇಂಚು ನೀರನ್ನೇ ಅದು ಎಳೆದುಕೊಳ್ಳುತ್ತದೆ. ಅಂಕೋಲಾದ ಒಂದು ಮನೆಯಲ್ಲಿ ವಾಸನೆಗೆ ಬೇಸತ್ತು ಟ್ರ್ಯಾಪನ್ನು ಎರಡು ಸಲ ಬದಲಿಸಿದ್ದರು. ನಾನು ಮಾಡಿಗೆ ಹತ್ತಿ ನೋಡಿದರೆ, ಮಳೆನೀರು ಬೀಳಬಾರದು ಎಂದು ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದ್ದರು. ಬಿಚ್ಚಿದೆ, ಜಾಲರಿ ಟೋಪಿ ಹಾಕಿದೆ, ವಾಸನೆ ಹೋಯಿತು.

ಪೈಪು ಹಾಕಿದ ದಿನವೇ ನೆಲ ಮುಚ್ಚಲು ಗವಂಡಿಯವರನ್ನು ಬಿಡಬೇಡಿ. ಕೆಳಗಿನ ತುದಿ ಕಟ್ಟಿ ನೀರು ತುಂಬಿಸಿ, ಒಂದು ತಾಸು ಬಿಟ್ಟು ಮಟ್ಟ ಇಳಿಯಿತೇ ನೋಡಿ. ಇಳಿಯದಿದ್ದರೆ ಪೈಪಿನ ಪಕ್ಕ ಟೇಪು ಹಿಡಿದು, ಗೋಡೆಯೂ ಕಾಣುವಂತೆ ನಾಲ್ಕು ಫೋಟೊ ತೆಗೆದುಕೊಳ್ಳಿ. ಆಮೇಲೆ ಮಣ್ಣು ಎಳೆಸಿ.