ಅಲೆಗಿಂತ ಸಣ್ಣ ಜಾಗಕ್ಕೆ ಬೆಳಕನ್ನು ನುಗ್ಗಿಸೋದು ಹೇಗೆ?

ಓದುಗರ ಪ್ರಶ್ನೆ: ಬೆಳಕಿನ ಅಲೆಯ ಉದ್ದವೇ 400ರಿಂದ 700 ನ್ಯಾನೋಮೀಟರ್. ಅದರ ಅರ್ಧಕ್ಕಿಂತ ಸಣ್ಣ ಚುಕ್ಕೆಗೆ ಬೆಳಕನ್ನು ಇಳಿಸೋಕೆ ಆಗಲ್ಲ ಅಂತ ಓದಿದ್ದೆವು. ಈಗ ನೋಡಿದರೆ ನ್ಯಾನೋ ಆಪ್ಟಿಕ್ಸ್, 50 ನ್ಯಾನೋಮೀಟರಿನ ಬೆಳಕಿನ ಚುಕ್ಕೆ ಅಂತೆಲ್ಲ ಹೇಳುತ್ತಾರೆ. ಯಾವುದು ನಿಜ? ಇದರಿಂದ ಸೋಲಾರ್ ಪ್ಯಾನೆಲ್‌ಗೆ, ಹಾರ್ಡ್ ಡಿಸ್ಕ್‌ಗೆ ಏನು ಉಪಯೋಗ?

ಎರಡೂ ನಿಜ. ನೀವು ಓದಿದ ಪಾಠದಲ್ಲಿ ತಪ್ಪಿಲ್ಲ. ಅದಕ್ಕೊಂದು ಷರತ್ತಿದೆ, ಅದನ್ನು ಅಲ್ಲಿ ಬಿಡಿಸಿ ಹೇಳಿರುವುದಿಲ್ಲ, ಅಷ್ಟೇ.

ಮೊದಲು ಅಳತೆ ನೋಡೋಣ. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಹಸಿರು ಬೆಳಕಿನ ಅಲೆಯ ಉದ್ದ 550ರ ಆಸುಪಾಸು. 1873ರಲ್ಲಿ ಜರ್ಮನಿಯ ಅರ್ನ್ಸ್ಟ್ ಅಬೆ ಒಂದು ಲೆಕ್ಕ ಕೊಟ್ಟರು. ಲೆನ್ಸ್ ಎಷ್ಟೇ ಚೆನ್ನಾಗಿರಲಿ, ಅಲೆಯ ಉದ್ದದ ಹೆಚ್ಚುಕಡಿಮೆ ಅರ್ಧಕ್ಕಿಂತ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಅದು ಬೇರೆ ಬೇರೆಯಾಗಿ ತೋರಿಸಲಾರದು. ಒಳ್ಳೆಯ ಮೈಕ್ರೋಸ್ಕೋಪು ಕೂಡ ಸುಮಾರು 200 ನ್ಯಾನೋಮೀಟರಿಗೆ ಬಂದು ನಿಂತುಬಿಡುತ್ತದೆ. ಗೋಡೆಗೆ ಬಣ್ಣ ಬಳಿಯುವ ಬ್ರಷ್ ಕೊಟ್ಟು ಸಹಿ ಹಾಕಿ ಅಂದ ಹಾಗೆ ಇದು. ಕೈ ಎಷ್ಟೇ ಪಳಗಿದ್ದರೂ ಗೆರೆ ಬ್ರಷ್‌ನಷ್ಟೇ ದಪ್ಪ ಬರುತ್ತದೆ. ಯೇನಾ ಪಟ್ಟಣದಲ್ಲಿ ಅಬೆಯ ಸ್ಮಾರಕದ ಮೇಲೆ ಈ ಸೂತ್ರವನ್ನು ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ. ಕಲ್ಲಿನಲ್ಲಿ ಕೆತ್ತಿದ್ದನ್ನು ಯಾರು ತಾನೇ ತಿದ್ದುತ್ತಾರೆ, ಅಲ್ವಾ?

ತುಂಬಾ ಕಾಲ ಯಾರೂ ತಿದ್ದಲಿಲ್ಲ. ಬದಲಿಗೆ ಬ್ರಷ್ಷನ್ನೇ ಸಣ್ಣದು ಮಾಡುತ್ತಾ ಬಂದರು. ಸಿ.ಡಿ. ಓದುವ ಲೇಸರಿನ ಅಲೆ 780 ನ್ಯಾನೋಮೀಟರ್, ಡಿ.ವಿ.ಡಿ.ಯದು 650, ಬ್ಲೂ-ರೇಯದು 405. ಲೆನ್ಸನ್ನೂ ಜೊತೆಜೊತೆಗೆ ಸುಧಾರಿಸಿದರು. ಅದೇ ಗಾತ್ರದ ತಟ್ಟೆಯಲ್ಲಿ 700 ಮೆಗಾಬೈಟ್ ಇದ್ದದ್ದು 4.7 ಗಿಗಾಬೈಟ್ ಆಯಿತು, ಆಮೇಲೆ ಒಂದೊಂದು ಪದರಕ್ಕೆ 25 ಗಿಗಾಬೈಟ್ ಆಯಿತು. 405 ಅಂದರೆ ನೇರಳೆಯ ಅಂಚು. ಅದರಾಚೆ ಅಲ್ಟ್ರಾವೈಲೆಟ್. ಅಲ್ಲಿಗೆ ಹೋದರೆ ತಟ್ಟೆಯ ಪ್ಲಾಸ್ಟಿಕ್ಕೇ ಬೆಳಕನ್ನು ಹೀರತೊಡಗುತ್ತದೆ, ಹಳದಿ ತಿರುಗುತ್ತದೆ. ಆ ದಾರಿ ಅಲ್ಲಿಗೆ ಮುಗಿಯಿತು.

ಈಗ ಷರತ್ತಿಗೆ ಬರೋಣ. ಅಬೆಯ ಲೆಕ್ಕ ದೂರ ಸಾಗಿ ಬಂದ ಬೆಳಕಿನದು. ಲೆನ್ಸಿನಿಂದ ಹೊರಟು ಖಾಲಿ ಜಾಗದಲ್ಲಿ ಹಾಯಾಗಿ ಹರಿದು ಬಂದ ಅಲೆ ಆ ನಿಯಮವನ್ನು ಮೀರಲಾರದು. ಆದರೆ ವಸ್ತುವಿನ ಮೈಗೆ ಅಂಟಿಕೊಂಡ ಹಾಗೆ, ಕೆಲವೇ ಹತ್ತು ನ್ಯಾನೋಮೀಟರಿನೊಳಗೆ ಇನ್ನೊಂದು ಬಗೆಯ ಬೆಳಕಿದೆ. ಅದು ಎಲ್ಲಿಗೂ ಹರಿಯುವುದಿಲ್ಲ. ಹುಟ್ಟಿದ ಜಾಗದಲ್ಲೇ ಆಡುತ್ತದೆ, ಸ್ವಲ್ಪ ದೂರಕ್ಕೇ ಸತ್ತುಹೋಗುತ್ತದೆ. ಇದಕ್ಕೆ ಸಮೀಪ ಕ್ಷೇತ್ರ ಅನ್ನುತ್ತಾರೆ. ಲೋಹದ ಹಾಳೆಯಲ್ಲಿ ಅಲೆಗಿಂತ ಸಣ್ಣ ತೂತು ಕೊರೆದು ಅದರ ಹತ್ತಿರಕ್ಕೇ ಹೋದರೆ, ತೂತಿನಷ್ಟೇ ಸಣ್ಣ ಬೆಳಕಿನ ಚುಕ್ಕೆ ಸಿಗಬೇಕು ಅಂತ ಐರ್ಲೆಂಡಿನ ಎಡ್ವರ್ಡ್ ಸಿಂಜ್ 1928ರಲ್ಲೇ ಬರೆದರು. ಐನ್‌ಸ್ಟೈನ್ ಜೊತೆ ಪತ್ರದಲ್ಲಿ ಚರ್ಚೆಯನ್ನೂ ಮಾಡಿದ್ದರು. ಆದರೆ ಅಂಥ ತೂತು ಕೊರೆಯುವ, ಅದನ್ನು ಅಷ್ಟು ಹತ್ತಿರ ಹಿಡಿದು ಓಡಿಸುವ ಸಾಧನ ಆಗ ಎಲ್ಲಿತ್ತು? ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಕೈಗೂಡಿದ್ದು 1984ರ ಹೊತ್ತಿಗೆ. ಮಾಡಿದವರಲ್ಲಿ ಜ್ಯೂರಿಕ್‌ನ ಐ.ಬಿ.ಎಂ. ಪ್ರಯೋಗಾಲಯದ ಡೀಟರ್ ಪೋಲ್ ತಂಡ ಮುಂದಿತ್ತು.

ತೂತಿನ ತೊಂದರೆ ಏನೆಂದರೆ, ಅದನ್ನು ಸಣ್ಣದು ಮಾಡಿದಷ್ಟೂ ಒಳಗಿಂದ ಬರುವ ಬೆಳಕು ಬರೀ ನೆಪಕ್ಕೆ ಅನ್ನುವಷ್ಟು ಕಡಿಮೆ. ಇಲ್ಲಿ ಕೈ ಹಿಡಿದದ್ದು ಚಿನ್ನ.

ಕೋವಿಡ್ ಸಮಯದಲ್ಲಿ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ ಬಂದಿತ್ತಲ್ಲ, ಅದರ ಬಿಳಿ ಪಟ್ಟಿಯ ಮೇಲೆ ನಿಧಾನವಾಗಿ ಮೂಡುವ ಕೆಂಪು ಗೆರೆ ನೆನಪಿದೆಯಾ? ಅಂಥ ಎಷ್ಟೋ ಕಿಟ್‌ಗಳಲ್ಲಿ, ಗರ್ಭ ಪರೀಕ್ಷೆಯ ಕಿಟ್‌ಗಳಲ್ಲಿ ಕೂಡ, ಆ ಕೆಂಪು ಯಾವುದೋ ಶಾಯಿಯಲ್ಲ. ಅದು ಚಿನ್ನ. ಹತ್ತಾರು ನ್ಯಾನೋಮೀಟರಿನ ಚಿನ್ನದ ಕಣಗಳು ಅಲ್ಲಿ ಬಂದು ಸಾಲಾಗಿ ಕೂರುತ್ತವೆ. ಹಳದಿ ಲೋಹ ಕೆಂಪಾಗಿ ಕಾಣುವುದು ಹೇಗೆ? ಲೋಹದೊಳಗಿನ ಎಲೆಕ್ಟ್ರಾನುಗಳು ಯಾರಿಗೂ ಕಟ್ಟುಬೀಳದೆ ಓಡಾಡಿಕೊಂಡಿರುತ್ತವೆ. ಬೆಳಕಿನ ಅಲೆ ಬಡಿದಾಗ ಅವೆಲ್ಲ ಒಟ್ಟಿಗೆ ಅತ್ತ ಇತ್ತ ತುಯ್ಯತೊಡಗುತ್ತವೆ. ಇಷ್ಟು ಸಣ್ಣ ಚಿನ್ನದ ಕಣಕ್ಕೆ ತನ್ನದೇ ಒಂದು ತಾಳ ಇರುತ್ತದೆ. 520 ನ್ಯಾನೋಮೀಟರಿನ ಹಸಿರು ಬೆಳಕು ಸರಿಯಾಗಿ ಅದೇ ತಾಳಕ್ಕೆ ತಳ್ಳುತ್ತದೆ. ಉಯ್ಯಾಲೆ ಹತ್ತಿರ ಬಂದಾಗ ಸರಿಯಾದ ಗಳಿಗೆಯಲ್ಲಿ ನೂಕಿದ ಹಾಗೆ. ಕಣ ಹಸಿರನ್ನು ನುಂಗಿಕೊಳ್ಳುತ್ತದೆ, ಕೆಂಪು ಉಳಿಯುತ್ತದೆ. ಎಲೆಕ್ಟ್ರಾನುಗಳ ಈ ಸಾಮೂಹಿಕ ತುಯ್ದಾಟಕ್ಕೆ ಪ್ಲಾಸ್ಮಾನ್ ಅಂತ ಹೆಸರು.

ಹೆಸರು ಹೊಸದು, ಸಂಗತಿ ಹಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿ 4ನೇ ಶತಮಾನದ ಒಂದು ರೋಮನ್ ಗಾಜಿನ ಬಟ್ಟಲಿದೆ, ಲೈಕರ್ಗಸ್ ಬಟ್ಟಲು ಅಂತ. ಮುಂದಿನಿಂದ ಬೆಳಕು ಬಿದ್ದರೆ ಹಸಿರು, ಒಳಗಿಂದ ಬೆಳಕು ಹಾಯ್ದರೆ ಕೆಂಪು. ಗಾಜಿನಲ್ಲಿ ಸೇರಿಹೋದ ಚಿನ್ನ, ಬೆಳ್ಳಿಯ ನ್ಯಾನೋ ಕಣಗಳ ಆಟ ಅದು. ಮಾಡಿದವರಿಗೆ ಎಲೆಕ್ಟ್ರಾನ್ ಅಂದರೇನು ಅಂತ ಗೊತ್ತಿರಲಿಲ್ಲ, ಕೈಗುಣ ಮಾತ್ರ ಇತ್ತು. 1857ರಲ್ಲಿ ಮೈಕಲ್ ಫ್ಯಾರಡೆ ಚಿನ್ನವನ್ನು ನೀರಿನಲ್ಲಿ ಕಣಕಣವಾಗಿ ಬೆರೆಸಿ, ಈ ಮಾಣಿಕ್ಯದ ಬಣ್ಣ ಬರುವುದು ಚಿನ್ನದ ಸಣ್ಣ ಗಾತ್ರದಿಂದಲೇ ಅಂತ ಊಹಿಸಿದರು.

ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಇಲ್ಲೇ. ಬೆಳಕಿನ ಅಲೆ ಮುದುಡಿ ಸಣ್ಣದಾಗುವುದಿಲ್ಲ. ಅದರ ಶಕ್ತಿ ವೇಷ ಬದಲಿಸಿ ಎಲೆಕ್ಟ್ರಾನುಗಳ ತುಯ್ದಾಟವಾಗುತ್ತದೆ. ತುಯ್ದಾಟಕ್ಕೆ 500 ನ್ಯಾನೋಮೀಟರ್ ಜಾಗ ಬೇಕಿಲ್ಲ, ಕಣ ಎಷ್ಟಿದೆಯೋ ಅಷ್ಟು ಸಾಕು. ಎರಡು ಕಣಗಳನ್ನು ಹತ್ತಿರ ತಂದು ನಡುವೆ ಕೆಲವು ನ್ಯಾನೋಮೀಟರಿನ ಸಂದು ಬಿಟ್ಟರೆ, ಶಕ್ತಿಯೆಲ್ಲ ಆ ಸಂದಿನಲ್ಲಿ ಬಂದು ಜಮಾಯಿಸುತ್ತದೆ. ರೇಡಿಯೋ ಅಲೆಗೆ ಆಂಟೆನಾ ಏನು ಮಾಡುತ್ತದೋ ಇಲ್ಲಿ ಚಿನ್ನ ಅದನ್ನೇ ಬೆಳಕಿಗೆ ಮಾಡುತ್ತದೆ.

ಇದು ಬಿಟ್ಟಿ ಸಿಗುವುದಿಲ್ಲ. ತುಯ್ಯುವ ಎಲೆಕ್ಟ್ರಾನುಗಳು ಲೋಹದೊಳಗೆ ಡಿಕ್ಕಿ ಹೊಡೆದು, ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಪಾಲು ಕಳೆಯುವ ಮೊದಲೇ ಆ ತುಯ್ದಾಟವನ್ನು ಕಳೆದುಕೊಳ್ಳುತ್ತವೆ. ಬೆಳಕಾಗಿ ಬಂದದ್ದು ಬಿಸಿಯಾಗಿ ಹೋಗುತ್ತದೆ. ನನ್ನ ಪ್ರಕಾರ ಈ ಕ್ಷೇತ್ರದ ಅರ್ಧ ಕಥೆ ಈ ಬಿಸಿಯದ್ದೇ. ಯಾರಿಗೆ ಬಿಸಿ ಬೇಕಿತ್ತೋ ಅವರು ಗೆದ್ದರು. ಬೇಡವಾಗಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಬೇಕಾಗಿದ್ದವರು ಹಾರ್ಡ್ ಡಿಸ್ಕ್ ಮಾಡುವವರು. ಡಿಸ್ಕಿನ ಮೇಲೆ ಒಂದೊಂದು ಬಿಟ್ ಅಂದರೆ ಒಂದೇ ದಿಕ್ಕಿಗೆ ಮುಖ ಮಾಡಿದ ಪುಟ್ಟ ಕಾಂತದ ಕಣಗಳ ಒಂದು ಗುಂಪು. ಜಾಸ್ತಿ ಮಾಹಿತಿ ತುಂಬಬೇಕೆಂದರೆ ಕಣಗಳನ್ನು ಸಣ್ಣದು ಮಾಡಬೇಕು. ತೀರಾ ಸಣ್ಣದಾದರೆ ಕೋಣೆಯ ಬಿಸಿಗೇ ಅವು ಸುಮ್ನೆ ತಿರುಗಿಬಿಡುತ್ತವೆ, ಬರೆದದ್ದು ತಾನಾಗಿ ಅಳಿಸಿಹೋಗುತ್ತದೆ. ಅದಕ್ಕೆ ಕಬ್ಬಿಣ ಮತ್ತು ಪ್ಲಾಟಿನಂ ಬೆರೆಸಿದ ಹಟಮಾರಿ ವಸ್ತುವನ್ನು ಹಾಕಿದರು. ಅದರ ಕಣ 8 ನ್ಯಾನೋಮೀಟರ್ ಇದ್ದರೂ ದಿಕ್ಕು ಬದಲಿಸುವುದಿಲ್ಲ. ಎಷ್ಟು ಹಟ ಅಂದರೆ, ಬರೆಯುವ ಹೆಡ್ಡಿನ ಕಾಂತಕ್ಕೂ ಅದು ಬಗ್ಗುವುದಿಲ್ಲ! ಬಗ್ಗಿಸುವ ಉಪಾಯ ಒಂದೇ. ಬರೆಯುವ ಗಳಿಗೆಯಲ್ಲಿ ಮಾತ್ರ ಆ ಜಾಗವನ್ನು 400 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾಯಿಸಬೇಕು, ಬರೆದ ತಕ್ಷಣ ಆರಬೇಕು.

ಕಾಯಿಸುವುದು ಎಷ್ಟು ಜಾಗವನ್ನು? ಲೆನ್ಸಿನಲ್ಲಿ ಲೇಸರ್ ಬಿಟ್ಟರೆ ನೂರಾರು ನ್ಯಾನೋಮೀಟರ್ ಜಾಗ ಕಾಯುತ್ತದೆ, ಅಕ್ಕಪಕ್ಕದ ಸಾಲುಗಳ ಮಾಹಿತಿಯೂ ಹಾಳಾಗುತ್ತದೆ. ಆದ್ದರಿಂದ ಹೆಡ್ಡಿನ ತುದಿಯಲ್ಲಿ ಒಂದು ಚಿನ್ನದ ಆಂಟೆನಾ ಕೂರಿಸಿದರು. ಸೀಗೇಟ್ ಕಂಪನಿಯ ಸಂಶೋಧಕರು 2009ರಲ್ಲಿ ತೋರಿಸಿದ ಮಾದರಿಯಲ್ಲಿ ಅದು ಒಂದು ದುಂಡು ಬಿಲ್ಲೆ, ಅದಕ್ಕೆ ಅಂಟಿದ ಸುಮಾರು 50 ನ್ಯಾನೋಮೀಟರ್ ಅಗಲದ ಒಂದು ಗೂಟ. ಲೇಸರ್ ಬೆಳಕು ಬಿಲ್ಲೆಯ ಎಲೆಕ್ಟ್ರಾನುಗಳನ್ನು ತುಯ್ಯುತ್ತದೆ, ಶಕ್ತಿ ಗೂಟದ ತುದಿಗೆ ಸೇರುತ್ತದೆ, ಅಲ್ಲಿಂದ ಕೆಲವೇ ನ್ಯಾನೋಮೀಟರ್ ಕೆಳಗಿರುವ ಡಿಸ್ಕಿಗೆ ಇಳಿಯುತ್ತದೆ. ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿದ್ದರೆ ಅದರ ಹೊರ ಅಂಚು ಸೆಕೆಂಡಿಗೆ ಸುಮಾರು 36 ಮೀಟರ್ ಓಡುತ್ತಿರುತ್ತದೆ. ಅಂದರೆ ಒಂದು ನ್ಯಾನೋಸೆಕೆಂಡಿನಲ್ಲಿ 36 ನ್ಯಾನೋಮೀಟರ್. ಕಾಯಿಸಿ, ಬರೆದು, ಆರಿಸುವ ಇಡೀ ಸಂಸಾರ ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಯಬೇಕು. ಬೇರೆಯವರಿಗೆ ಶನಿಯಾಗಿದ್ದ ಬಿಸಿ ಇಲ್ಲಿ ಹುಡುಕುತ್ತಿದ್ದ ಬಳ್ಳಿಯೇ ಕಾಲಿಗೆ ತೊಡರಿದ ಹಾಗಾಯಿತು. ಪೂರ್ತಿ ಸಲೀಸಂತೂ ಆಗಿರಲಿಲ್ಲ. ಅದೇ ಬಿಸಿಗೆ ಚಿನ್ನದ ಗೂಟವೂ ಮೆತ್ತಗಾಗಿ ಆಕಾರ ಕೆಡುತ್ತಿತ್ತು, ಅದನ್ನು ಬಾಳಿಕೆ ಬರುವ ಹಾಗೆ ಮಾಡಲು ವರ್ಷಗಳೇ ಹಿಡಿದವು. 2024ರ ಜನವರಿಯಲ್ಲಿ ಸೀಗೇಟ್ ಈ ತಂತ್ರದ 30 ಟೆರಾಬೈಟ್ ದಾಟಿದ ಡಿಸ್ಕುಗಳನ್ನು ಪ್ರಕಟಿಸಿತು.

ಸೋಲಾರ್‌ನಲ್ಲಿ ಕಥೆ ತಿರುಗುಮುರುಗು. ಅಲ್ಲಿ ಬಿಸಿ ಅಂದರೆ ಶುದ್ಧ ನಷ್ಟ. 2010ರ ಆಸುಪಾಸಿನಲ್ಲಿ ಭಾರೀ ಉತ್ಸಾಹ ಇತ್ತು. ತೆಳು ಸಿಲಿಕಾನ್ ಹಾಳೆಯ ಮೇಲೆ ಬೆಳ್ಳಿ, ಚಿನ್ನದ ನ್ಯಾನೋ ಕಣ ಉದುರಿಸಿದರೆ ಅವು ಬೆಳಕನ್ನು ಹಿಡಿದು ಒಳಗೆ ತಳ್ಳುತ್ತವೆ ಅನ್ನುವ ಲೆಕ್ಕಾಚಾರ. ತಳ್ಳುತ್ತವೆ, ಹೌದು. ಆದರೆ ಒಂದು ಪಾಲು ತಾವೇ ನುಂಗಿ ಬಿಸಿ ಮಾಡಿಕೊಳ್ಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಾಗಾಗಿ ಈಗ ಜನ ಲೋಹ ಬಿಟ್ಟು ಸಿಲಿಕಾನ್, ಟೈಟಾನಿಯಂ ಆಕ್ಸೈಡ್‌ನಂಥ ಬೆಳಕನ್ನು ಅಷ್ಟಾಗಿ ನುಂಗದ ವಸ್ತುಗಳ ನ್ಯಾನೋ ಕಂಬಗಳ ಕಡೆ ಹೊರಳಿದ್ದಾರೆ. ಪತಂಗದ ಕಣ್ಣಿನ ಮೇಲೆ ಸುಮಾರು 200 ನ್ಯಾನೋಮೀಟರಿನ ಗುಬುಟುಗಳು ಸಾಲಾಗಿರುತ್ತವೆ. ಬೆಳಕಿಗೆ ಅಲ್ಲಿ ಗಾಳಿ ಎಲ್ಲಿ ಮುಗಿಯಿತು, ಕಣ್ಣು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅದು ವಾಪಸ್ ಚಿಮ್ಮುವುದೂ ತೀರಾ ಕಮ್ಮಿ. ಸೋಲಾರ್‌ನವರು ಆ ವಿದ್ಯೆಯನ್ನೂ ನಕಲು ಮಾಡಿದ್ದಾರೆ.

ಹಾಗಂತ ಸೋಲಾರ್‌ನಲ್ಲಿ ನ್ಯಾನೋ ಆಪ್ಟಿಕ್ಸ್ ಇನ್ನೂ ಬರಬೇಕಾದ ಸಂಗತಿ ಅಂದುಕೊಳ್ಳಬೇಡಿ. ಪ್ಯಾನೆಲ್ ನೀಲಿಯಾಗಿ ಕಾಣುತ್ತದಲ್ಲ, ಸಿಲಿಕಾನ್ ನೀಲಿಯಲ್ಲ. ಬರೀ ಸಿಲಿಕಾನ್ ಬೂದು ಕನ್ನಡಿ ಇದ್ದ ಹಾಗೆ, ಬಿದ್ದ ಬೆಳಕಿನ ಮೂರನೇ ಒಂದು ಭಾಗವನ್ನು ಹೊರಗೇ ಎಸೆಯುತ್ತದೆ. ಅದರ ಮೇಲೆ ಸುಮಾರು 75 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಲೇಪಿಸುತ್ತಾರೆ. ಲೇಪದ ಮೇಲ್ಮೈಯಿಂದ ಮರಳುವ ಅಲೆಯೂ ಕೆಳಗಿನಿಂದ ಮರಳುವ ಅಲೆಯೂ ಒಂದನ್ನೊಂದು ಹೊಡೆದುಹಾಕುತ್ತವೆ. ಈ ದಪ್ಪಕ್ಕೆ ಕಿತ್ತಳೆ, ಕೆಂಪಿನ ಕಡೆಯ ಬೆಳಕು ಚೆನ್ನಾಗಿ ಒಳಗೆ ಹೋಗುತ್ತದೆ, ನೀಲಿ ಒಂಚೂರು ಉಳಿದು ವಾಪಸ್ ಬರುತ್ತದೆ. ಕಣ್ಣಿಗೆ ಬೀಳುವುದು ಆ ಉಳಿಕೆ.

ಒಳಗೆ ಬಂದ ಬೆಳಕನ್ನು ಹಿಡಿದಿಡುವುದು ಇನ್ನೊಂದು ಕೆಲಸ. ಮೇಲ್ಮೈಯನ್ನು ಒರಟು ಮಾಡಿದರೆ ಬೆಳಕು ಒಳಗೇ ಅಡ್ಡಾದಿಡ್ಡಿ ಚಿಮ್ಮುತ್ತದೆ. ಹೀಗೆ ಸಿಲಿಕಾನಿನಲ್ಲಿ ಅದರ ದಾರಿಯನ್ನು ಹೆಚ್ಚೆಂದರೆ 50 ಪಟ್ಟು ಉದ್ದ ಮಾಡಬಹುದು ಅಂತ 1982ರಲ್ಲಿ ಎಲಿ ಯಾಬ್ಲೊನೊವಿಚ್ ಲೆಕ್ಕ ಹಾಕಿದರು. ಅಲೆಗಿಂತ ತೆಳುವಾದ ಹಾಳೆಗಳಲ್ಲಿ ನ್ಯಾನೋ ರಚನೆಗಳಿಂದ ಈ ಮಿತಿಯನ್ನು ದಾಟಬಹುದು, ಸಂಶೋಧನೆಯ ಆಸೆ ಇರುವುದು ಅಲ್ಲೇ. ಆದರೆ ಒಂದು ಮಾತು. ಒಂದೇ ಪದರದ ಸೆಲ್ ಬಿಸಿಲಿನ ಸುಮಾರು 33%ಗಿಂತ ಜಾಸ್ತಿಯನ್ನು ವಿದ್ಯುತ್ ಮಾಡಲಾರದು ಅನ್ನುವ 1961ರ ಶಾಕ್ಲಿ-ಕ್ವೈಸರ್ ಮಿತಿ ಬೇರೆಯೇ ಇದೆ. ಬೆಳಕನ್ನು ಎಷ್ಟು ಚೆನ್ನಾಗಿ ಹಿಡಿದರೂ ಅದು ಜಗ್ಗುವುದಿಲ್ಲ. "ನ್ಯಾನೋ ಚಿನ್ನದಿಂದ ಸೋಲಾರ್ ದುಪ್ಪಟ್ಟು" ಅನ್ನುವ ಸುದ್ದಿ ಕಂಡರೆ ಯಾವುದಕ್ಕಿಂತ ದುಪ್ಪಟ್ಟು ಅಂತ ಮೊದಲು ನೋಡಿ.

ಇನ್ನು ಮೈಕ್ರೋಸ್ಕೋಪು. ತುದಿಯಲ್ಲಿ ಆ ಸಣ್ಣ ತೂತಿರುವ ಸಮೀಪ ಕ್ಷೇತ್ರದ ಸೂಜಿ ಮೇಲ್ಮೈಯನ್ನು ಸವರಬಲ್ಲದು, ಜೀವಕೋಶದ ಒಳಗೆ ಹೋಗಲಾರದು. ಎರಿಕ್ ಬೆಟ್ಜಿಗ್ ಬೆಲ್ ಲ್ಯಾಬ್ಸ್‌ನಲ್ಲಿ ವರ್ಷಗಟ್ಟಲೆ ಇದರ ಮೇಲೆ ದುಡಿದು, ಬೇಸತ್ತು, ವಿಜ್ಞಾನವನ್ನೇ ಬಿಟ್ಟು ತಂದೆಯ ಯಂತ್ರಗಳ ಕಂಪನಿಗೆ ಸೇರಿದರು. ತಿರುಗಿ ಬಂದಾಗ ಗೆಳೆಯ ಹೆರಾಲ್ಡ್ ಹೆಸ್ ಮನೆಯ ಹಜಾರದಲ್ಲೇ ಹೊಸ ಮೈಕ್ರೋಸ್ಕೋಪು ಕಟ್ಟಿದರು. ಈ ಸಲ ಬೆಳಕನ್ನು ಸಣ್ಣದು ಮಾಡುವ ಗೊಡವೆಗೇ ಹೋಗಲಿಲ್ಲ. ಹೊಳೆಯುವ ಅಣುಗಳನ್ನು ಒಮ್ಮೆಲೇ ಅಲ್ಲ, ಒಂದು ಸಲಕ್ಕೆ ಬೆರಳೆಣಿಕೆಯಷ್ಟನ್ನು ಎಬ್ಬಿಸುವುದು. ಪ್ರತಿಯೊಂದೂ 200 ನ್ಯಾನೋಮೀಟರಿನ ಮಬ್ಬು ಚುಕ್ಕೆಯಾಗಿಯೇ ಕಾಣುತ್ತದೆ. ಆದರೆ ಒಂಟಿ ಚುಕ್ಕೆಯ ನಟ್ಟನಡುವನ್ನು ಸುಮಾರು 20 ನ್ಯಾನೋಮೀಟರಿನ ನಿಖರತೆಯಲ್ಲಿ ಗುರುತಿಸಬಹುದು. ಗುರುತು ಹಾಕು, ಆರಿಸು, ಬೇರೆ ಅಣುಗಳನ್ನು ಎಬ್ಬಿಸು. ಹೀಗೆ ಸಾವಿರಾರು ಚಿತ್ರಗಳ ಗುರುತುಗಳನ್ನು ಕೂಡಿಸಿದರೆ ಕೋಶದ ಒಳಗು ಕಾಣುತ್ತದೆ. 2006ರಲ್ಲಿ ಇದು ಪ್ರಕಟವಾಯಿತು. 2014ರ ರಸಾಯನಶಾಸ್ತ್ರದ ನೊಬೆಲ್ ಬೆಟ್ಜಿಗ್, ಡಬ್ಲ್ಯು. ಇ. ಮೋರ್ನರ್ ಮತ್ತು ಸ್ಟೆಫಾನ್ ಹೆಲ್ ಅವರಿಗೆ ಬಂತು.

ಹೆಲ್ ಅವರ ಉಪಾಯ ಬೇರೆ. ಒಂದು ಲೇಸರ್ ಅಣುಗಳನ್ನು ಹೊಳೆಯಿಸುತ್ತದೆ. ನಡುವೆ ತೂತಿರುವ ಬಳೆಯಾಕಾರದ ಇನ್ನೊಂದು ಲೇಸರ್ ಅಂಚಿನವನ್ನೆಲ್ಲ ಆರಿಸಿ ನಡುವಿನ ಚೂರನ್ನು ಮಾತ್ರ ಉಳಿಸುತ್ತದೆ. ಬಳೆಯ ಬೆಳಕನ್ನು ಜೋರು ಮಾಡಿದಷ್ಟೂ ಉಳಿಯುವ ಚೂರು ಸಣ್ಣದಾಗುತ್ತದೆ. ಯೇನಾದ ಕಲ್ಲಿನ ಮೇಲಿರುವ ಸೂತ್ರ ಇದರಲ್ಲೂ ಹಾಗೇ ಇದೆ. ಹೆಲ್ ಅದರ ಕೆಳಗಿನ ಸಾಲಿನಲ್ಲಿ ಒಂದು ವರ್ಗಮೂಲದ ಚಿಹ್ನೆ ಸೇರಿಸಿದರು, ಅದರೊಳಗೆ ಆ ಎರಡನೇ ಲೇಸರಿನ ತೀವ್ರತೆಯನ್ನು ಇಟ್ಟರು.